ಎರಡನೇ ಕ್ಲಾಸಿನ ಮಾರ್ಚ್ ತಿಂಗಳು

ಬನ್ನಿ ಅಕ್ಕಾ, ಕೆಲಸ ಇದ್ದಿದ್ದೇ, ಒಂದೈದು ನಿಮಿಷ ಬೇಲಿ ಹತ್ರಾನೇ ನಿಂತು ಮಾತಾಡೋಣ. ‘ಮಾರ್ಚ್ ಬಂದ್ರೂ ನಮ್ಮ ಮೊಮ್ಮಗ ಪುಸ್ತಕ ಮುಟ್ಟಲ್ಲ, ಸ್ಕೂಲಲ್ಲಿ ಬರೀ ಹಾಡು, ಚಿತ್ರ, ಸಂತೆ’ ಅಂತ ನಿನ್ನೆ ಅಂದ್ರಲ್ಲ, ಆ ಮಾತು ನನ್ನ ತಲೇಲೇ ಕೂತಿದೆ. ನಲಿ-ಕಲಿ ಟೀಚರಾಗಿ ಹೇಳ್ತೀನಿ, ಎರಡನೇ ಕ್ಲಾಸಿನ ಮಗು ನಿಜವಾಗಿ ಓದೋಕೆ ಕಲಿಯೋದು ಈ ಕೊನೇ ದಿನಗಳಲ್ಲೇ.

ಈ ನಲಿ-ಕಲಿ ಎಲ್ಲಿಂದಲೋ ಬಂದು ಹೇರಿದ್ದಲ್ಲ ಅಕ್ಕಾ. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಲ್ಲೇ 1995ರಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿಬಂದು, ಯುನಿಸೆಫ್ ನೆರವು ಸಿಕ್ಕಿ, ನಮ್ಮ ಮಕ್ಕಳಿಗೆ ಹೊಂದೋ ಕಾರ್ಡುಗಳನ್ನ ತಾವೇ ಕೂತು ಮಾಡಿದ್ರು. 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಅಆಇಈ ಅಂತ ಐವತ್ತು ಅಕ್ಷರ ತಿದ್ದಿ ಮುಗಿಯೋವರೆಗೂ ಮಗು ಕಾಯಬೇಕಿಲ್ಲ. ರ, ಗ, ಸ, ದ, ಅ ಐದು ಬಂದ್ರೆ ಸಾಕು, ಸರ, ಅರಸ, ದಸರ, ಗರಗಸ ಓದೇಬಿಡುತ್ತೆ. ಆಮೇಲೆ ಕಲಿಕಾ ಏಣಿಯಲ್ಲಿ ಒಂದೊಂದೇ ಕಾರ್ಡು ಮುಗಿಸ್ತಾ ಮೈಲಿಗಲ್ಲಿಂದ ಮೈಲಿಗಲ್ಲಿಗೆ ಹತ್ತೋದು. ಜ್ವರ ಬಂದು ವಾರಗಟ್ಟಲೆ ಮನೇಲಿದ್ದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದೆ ಹತ್ತುತ್ತೆ, ಯಾರೂ ದಡ್ಡ ಅನ್ನಲ್ಲ.

ಕಷ್ಟ ಇರೋದು ಒತ್ತಕ್ಷರದಲ್ಲಿ. ಮಾತು ಕಲಿತಾಗಿಂದ ಅಮ್ಮ, ಅಪ್ಪ ಅನ್ನೋ ಮಗು ಕಾರ್ಡಲ್ಲಿ ‘ಅಮ’, ‘ಅಪ’ ಅಂತ ಓದಿ ನಿಂತುಬಿಡುತ್ತೆ. ಕ, ಗ, ಡ ಒತ್ತುಗಳು ಹೇಗೋ ಗುರುತು ಸಿಗ್ತವೆ, ತಲೆಕಟ್ಟು ತೆಗೆದ್ರೆ ಅದೇ ಅಕ್ಷರ. ತ, ನ, ಮ, ಯ, ರ, ಲ ಮಾತ್ರ ಒತ್ತಾದ ಕೂಡಲೇ ರೂಪಾನೇ ಬೇರೆ. ಇನ್ನು ಸೂರ್ಯ ಅನ್ನೋದರಲ್ಲಿ ರ ಕೇಳಿಸೋದು ಮೊದಲು, ಬರೆಯೋದು ಕೊನೇಲಿ! ಅರ್ಕಾವೊತ್ತು ಏಳು ವರ್ಷದ ಮಗುವಿಗೆ ಸುಮ್ನೆ ಬರುತ್ತಾ? ಹಾಡಲ್ಲಿ, ಗೋಡೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ಪಕ್ಕದ ಮಗುವಿಗೆ ಹೇಳಿಕೊಡೋದರಲ್ಲಿ ಮತ್ತೆ ಮತ್ತೆ ಸಿಕ್ಕಿದ್ರೇ ಬರೋದು. ಮೊನ್ನೆ ನಿಮ್ಮ ಮೊಮ್ಮಗ ಯಾರೂ ಹೇಳದೆ ‘ಚಂದ್ರ, ನಕ್ಷತ್ರ’ ಅಂತ ಓದಿ ನನ್ನ ಮುಖ ನೋಡಿದ. ನನಗೆ ಅದಕ್ಕಿಂತ ದೊಡ್ಡ ರ‍್ಯಾಂಕು ಬೇಡ.

ಇನ್ನು ಸಂತೆ ವಿಷಯ. ಕಾರ್ಡಲ್ಲಿ 50ರಲ್ಲಿ 15 ಕಳೆ ಅಂದ್ರೆ ನಿಮ್ಮ ಮೊಮ್ಮಗ ಮೊದಮೊದಲು 45 ಅಂತ ಬರೀತಿದ್ದ. ಸೊನ್ನೇಲಿ ಐದು ಹೋಗಲ್ಲ, ಅದಕ್ಕೇ ಐದರಲ್ಲಿ ಸೊನ್ನೆ ಕಳೆದುಬಿಡೋದು, ಎಷ್ಟೋ ಮಕ್ಕಳು ಹೀಗೇ ಮಾಡ್ತವೆ. ಹತ್ತತ್ತು ಕಡ್ಡಿಯ ಐದು ಕಟ್ಟು ಕೊಟ್ಟು, ಒಂದು ಕಟ್ಟು ಬಿಚ್ಚೋಕೆ ಹೇಳ್ದೆ. ಬಿಚ್ಚಿ, ಎಣಿಸಿ, ಸುಮ್ನೆ ಕೂತ. ಮಕ್ಕಳ ಸಂತೆ ದಿನ ನಿಮ್ಮ ಹಿತ್ತಲಿನ ಕರಿಬೇವು ಕಟ್ಟಿಗೆ ಐದು ರೂಪಾಯಿ ಅಂತ ಕೂಗ್ತಿದ್ದನಲ್ಲ, ಒಬ್ಬರು ಮೂರು ಕಟ್ಟು ತಗೊಂಡು ಐವತ್ತರ ನೋಟು ಕೊಟ್ರು. ಬೆರಳು ಮಡಿಚಿ ‘ಹದಿನೈದು’ ಅಂದ. ಐದರ ನಾಣ್ಯ ಇಟ್ಟು ‘ಇಪ್ಪತ್ತು’ ಅಂದ, ಹತ್ತರ ನೋಟು ಒಂದೊಂದೇ ಇಡ್ತಾ ‘ಮೂವತ್ತು, ನಲವತ್ತು, ಐವತ್ತು’ ಅಂತ ಮುಗಿಸಿದ. ಚಿಲ್ಲರೆ ಸರಿಹೋಯ್ತು, ಲೆಕ್ಕಾನೂ ತಲೆಗೆ ಹತ್ತಿತು. ಇದನ್ನ ಆಟ ಅಂತೀರಾ ಅಕ್ಕಾ?

ಏನಂದ್ರಿ, ಅಳತೆ ಏನೂ ಇಲ್ವಾ ಅಂತಾನಾ? ಇದೆ. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಪ್ರಕಾರ ಎರಡನೇ ಕ್ಲಾಸು ಮುಗಿಸೋ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು, 999ರವರೆಗೆ ಸಂಖ್ಯೆ ಗೊತ್ತಿರಬೇಕು, 99ರವರೆಗೆ ಕಳೆಯೋ ಲೆಕ್ಕ ಬರಬೇಕು. ಆದ್ರೆ ನಾನು ಗಡಿಯಾರ ನೋಡೋಕೆ ಮುಂಚೆ ‘ಓದಿದ್ದೇನು, ಹೇಳು ಪುಟ್ಟ’ ಅಂತ ಕೇಳ್ತೀನಿ. ಅರ್ಥ ಆಗದ ಓಟದ ಓದು ಮೂರನೇ ಕ್ಲಾಸಲ್ಲಿ ಕೈಕೊಡುತ್ತೆ.

ಟ್ಯೂಷನ್ನಾ? ಖಂಡಿತ ಬೇಡ. ಏಪ್ರಿಲ್ 10ರ ಹೊತ್ತಿಗೆ ಶಾಲೆಗೆ ಕರೀತೀವಿ, ದಯವಿಟ್ಟು ನೀವೇ ಬನ್ನಿ. ಪಾಸಾ, ಫೇಲಾ ಅಂತ ಕೇಳಬೇಡಿ, ಏಣಿಯಲ್ಲಿ ಎಲ್ಲಿದ್ದಾನೆ, ಯಾವ ಒತ್ತಲ್ಲಿ ಇನ್ನೂ ತಡವರಿಸ್ತಾನೆ ಅಂತ ಕೇಳಿ. ನನಗೆ ಭಯ ಇರೋದು ಆಮೇಲಿನ ರಜಾದ್ದು. ಈಗಷ್ಟೇ ಬಂದ ಒತ್ತಕ್ಷರ ಎರಡು ತಿಂಗಳು ಕಣ್ಣಿಗೆ ಬೀಳದಿದ್ರೆ ಜೂನಲ್ಲಿ ಮತ್ತೆ ‘ಅಮ’, ‘ಅಪ’. ಕಾಪಿ ಬರೆಸಬೇಡಿ, ಬಯ್ದು ಕೂರಿಸಬೇಡಿ. ಪೇಪರಿನ ದಪ್ಪಕ್ಷರ, ಬಸ್ಸಿನ ಬೋರ್ಡು, ಮದುವೆ ಕಾಗದ, ಯಾವುದಾದ್ರೂ ಸರಿ, ದಿನಕ್ಕೆ ಹತ್ತು ನಿಮಿಷ ‘ನನಗೆ ಓದಿ ಹೇಳೋ’ ಅಂತ ಪಕ್ಕದಲ್ಲಿ ಕೂರಿಸ್ಕೊಳ್ಳಿ. ತಪ್ಪಿದ್ರೆ ತಿದ್ದಿ, ಸರಿಯಿದ್ರೆ ಬೆನ್ನು ತಟ್ಟಿ. ಅಷ್ಟು ಮಾಡಿ ಅಕ್ಕಾ, ಮೂರನೇ ಕ್ಲಾಸಿನ ಹೊಣೆ ನನ್ನದು.