ಮಂಡಿಗಾ, ಗಾಡಿಗಾ?

ಯಾರೂ ಓಡಿಸದ, ಆದರೆ ಯಾರೂ ಮಾರಲು ಬಿಡದ ಒಂದು ಗಾಡಿ ಇಲ್ಲದ ಮನೆ ಮೈಸೂರಿನಲ್ಲಿ ಇರಲಾರದು. ನಿಮ್ಮಲ್ಲಿ ಅದು ಲ್ಯಾಂಬ್ರೆಟಾ ಇರಬಹುದು, ಲೂನಾ ಇರಬಹುದು. ಸೀಟಿನ ಮೇಲೆ ಹಳೇ ಪೇಪರು, ಹ್ಯಾಂಡಲ್ಲಿನ ಮೇಲೆ ಒದ್ದೆ ಟವೆಲ್ಲು, ಕೆಳಗೆ ಬೆಕ್ಕಿನ ಬಾಣಂತನ. ನಮ್ಮಲ್ಲಿ ಅದು ಯೆಜ್ಡಿ. ಮಾವನವರದು. ಅವರು ತೀರಿಕೊಂಡ ಮೇಲೆ ಅತ್ತೆಯವರು ನಮ್ಮಲ್ಲಿಗೆ ಬಂದಾಗ ಒಂದು ಹಿತ್ತಾಳೆ ಹಂಡೆ, ಒಂದಷ್ಟು ಟ್ರಂಕು, ಈ ಯೆಜ್ಡಿ ಒಂದೇ ಲಾರಿಯಲ್ಲಿ ಬಂದವು. ಹಂಡೆಯನ್ನು ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡರು. ಟ್ರಂಕುಗಳು ಅಟ್ಟ ಹತ್ತಿದವು. ಯೆಜ್ಡಿ ಶೆಡ್ಡಿನ ಗೋಡೆಗೆ ಒರಗಿತು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದರೂ ಅಲ್ಲಿ ಕೆಲಸಕ್ಕಿದ್ದ ಒಬ್ಬ ಚಿಕ್ಕಪ್ಪ ಊರಿನ ಪ್ರತಿ ಮನೆಯಲ್ಲೂ ಇದ್ದಾರೆ. ಚೆಕೊಸ್ಲೊವಾಕಿಯಾದ ಜಾವಾ ನಮ್ಮೂರಿಗೆ ಬಂದು, 70ರ ದಶಕದಲ್ಲಿ ಹೆಸರು ಬದಲಿಸಿಕೊಂಡು ಯೆಜ್ಡಿಯಾದ ಕಥೆಯನ್ನು ನಾವು ಸ್ವಂತ ಮನೆತನದ ಕಥೆ ಎಂಬಂತೆ ಹೇಳುತ್ತೇವೆ. ನಾನಂತೂ ಓಡಿಸಲು ಬರದಿದ್ದ ಕಾಲದಿಂದಲೂ ಹೇಳುತ್ತಿದ್ದೇನೆ.

ಹೀಗಿರುವಾಗ ಒಂದು ಸಂಜೆ ರಾಮಸ್ವಾಮಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಹಳೇ ಜಾವಾ ಮೇಲೆ ಕೂತಿದ್ದ ಬಿಳಿ ಮೀಸೆಯ ಒಬ್ಬರನ್ನು ಕಾಲೇಜು ಹುಡುಗಿಯರು ಸುತ್ತುವರಿದು ಫೋಟೋ ತೆಗೆದುಕೊಳ್ಳುವುದನ್ನು ನೋಡಿದೆ. ಬಿಳಿ ಮೀಸೆ ನನಗೂ ಇದೆ. ಹಾಗಾದರೆ ಕೊರತೆ ಯಾವುದು? ಶೆಡ್ಡಿಗೆ ಹೋಗಿ ಬೆಕ್ಕನ್ನು ಓಡಿಸಿದೆ.

ಯೆಜ್ಡಿಯ ಜಾಣತನವೆಂದರೆ ಗೇರು, ಕಿಕ್ಕರು ಎರಡಕ್ಕೂ ಒಂದೇ ಲಿವರ್. ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಚಿದರೆ ಗೇರು. ಇದನ್ನು ಬೀದಿಯ ಹುಡುಗರಿಗೆಲ್ಲ ವಿವರಿಸಿ, ಕನ್ನಡಕ ಸರಿಪಡಿಸಿಕೊಂಡು, ಕಾಲೆತ್ತಿ ತುಳಿದೆ. ಲಿವರಿನ ತುದಿಯ ರಬ್ಬರು ಹಪ್ಪಳದ ಹಾಗೆ ಪಟ್ಟನೆ ಮುರಿದು, ಕಾಲು ಜಾರಿ, ಲಿವರ್ ವಾಪಸು ಬಂದು ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯಿತು. ಅವರೆಕಾಯಿ ಬಿಡಿಸುತ್ತಾ ಜಗಲಿಯಲ್ಲಿ ಕೂತಿದ್ದ ಅತ್ತೆಯವರು ತಲೆಯೆತ್ತದೆ ಹೇಳಿದರು:

“ನಿಮ್ಮ ಮಾವ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡ್ತಿದ್ರು. ಅದೂ ಪಂಚೆ ಉಟ್ಕೊಂಡು.”

ಮೆಕ್ಯಾನಿಕ್ ಭಾಯ್ ಬಂದು ಗಾಡಿಯನ್ನು ಸುತ್ತು ಹಾಕಿ, ಅಲ್ಲಲ್ಲಿ ಉಗುರಿನಿಂದ ಒತ್ತಿ ನೋಡಿ ತೀರ್ಪು ಕೊಟ್ಟರು. “ಕಬ್ಬಿಣ ಎಲ್ಲಾ ಗಟ್ಟಿ ಇದೆ ಸಾರ್. ಗಟ್ಟಿ ಇರಬಾರದ್ದು ರಬ್ಬರ್ರು. ಅದೂ ಗಟ್ಟಿ ಇದೆ.”

ಒಂದು ಬೈಕಿನಲ್ಲಿ ಇಷ್ಟೊಂದು ರಬ್ಬರ್ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಫುಟ್‌ರೆಸ್ಟು, ಹಿಡಿ, ಟ್ಯಾಂಕಿನ ಎರಡು ಪಕ್ಕದ ಮಂಡಿ ಪ್ಯಾಡು, ಚೈನ್ ಕವರಿನ ತೋಳು, ಹಿಂದಿನ ಚಕ್ರದ ಹಬ್ಬಿನೊಳಗೆ ಕೂತು ಕುಲುಕಾಟ ತಡೆಯುವ ತುಂಡುಗಳು, ಪೆಟ್ರೋಲ್ ಪೈಪು, ಎಂಜಿನ್ನಿನೊಳಗಿನ ಆಯಿಲ್ ಸೀಲು. ಭಾಯ್ ಪ್ರಕಾರ ಎಲ್ಲವೂ ಹೊಸದು ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೆಟ್ಟೇ ಸಿಗುತ್ತದೆ, ದುಡ್ಡೂ ಜಾಸ್ತಿಯೇನಿಲ್ಲ.

ನಾನು ಎದೆಯುಬ್ಬಿಸಿ, “ಡೂಪ್ಲಿಕೇಟ್ ಬೇಡ ಭಾಯ್. ಇದು ಫ್ಯಾಕ್ಟರಿ ಒರಿಜಿನಲ್. ಇದಕ್ಕೇ ಜೀವ ಬರಿಸ್ತೀನಿ” ಎಂದೆ. ಭಾಯ್ ನನ್ನನ್ನು ನೋಡಿದರು, ಆಮೇಲೆ ನನ್ನ ಹೆಂಡತಿಯನ್ನು ನೋಡಿದರು. ಆಕೆ, “ನೀವು ಕಾಫಿ ಕುಡಿದು ಹೋಗಿ” ಎಂದಳು.

ಮೊದಲ ಚಿಕಿತ್ಸೆ ಬಿಸಿನೀರು. ಕುದಿಯುವ ನೀರಿಗೆ ಹಾಕಿದರೆ ರಬ್ಬರು ಮೆತ್ತಗಾಗುತ್ತದೆ, ನಿಜ. ಆರಿದ ಮೇಲೆ ಮೊದಲಿನಂತಾಗುತ್ತದೆ, ಅದೂ ನಿಜ. ಮಧ್ಯದ ಆ ಎರಡು ನಿಮಿಷ ನಾನು ಪಟ್ಟ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಸಾರಿನ ಪಾತ್ರೆಗೆ ಮಾತ್ರ ಕಟ್ಟಲಾಯಿತು, ಕಟ್ಟಿದವಳು ಹೆಂಡತಿ.

“ನೋಡು, ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತೆ ಅಂತ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅಂತ ಒಬ್ಬ ಇದ್ದ. 1839ರಲ್ಲಿ. ಅವನೂ ಮನೆ ಒಲೆ, ಮನೆ ಪಾತ್ರೆಗಳಲ್ಲೇ ಪ್ರಯೋಗ ಮಾಡ್ತಿದ್ದನಂತೆ.”

“ಆಮೇಲೆ ಏನಾದ?”

“1860ರಲ್ಲಿ ತೀರಿಕೊಂಡ.”

“ಅದಲ್ಲ ರೀ. ದುಡ್ಡು ಕಾಸು?”

“ಸಾಲ ಇತ್ತು. ಸಾಲ ತೀರಿಸದೆ ಜೈಲಿಗೂ ಹೋಗಿದ್ದ.”

“ಮತ್ತೆ ಆ ಹೆಸರಿನ ಟೈರ್ ಕಂಪನಿ?”

“ಅದು ಅವನು ಸತ್ತ ಎಷ್ಟೋ ವರ್ಷದ ಮೇಲೆ, 1898ರಲ್ಲಿ ಬೇರೆಯವರು ಶುರು ಮಾಡಿದ್ದು. ಅವನ ಗೌರವಕ್ಕೆ ಹೆಸರಿಟ್ರು ಅಷ್ಟೇ. ಮನೆಯವರಿಗೆ ಏನೂ ಸಿಗಲಿಲ್ಲ.”

ಹೆಂಡತಿ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಇತಿಹಾಸ ಓದಿಕೊಂಡವನು ಗಂಡನಾದರೆ ಇದೇ ತೊಂದರೆ, ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಒದಗಿಸುತ್ತಾನೆ.

ಎರಡನೆಯದು ಕೊಬ್ಬರಿ ಎಣ್ಣೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರುವೆ ಬಂತು.

ಆಗ ಹಳೇ ಗಾಡಿಯವರ ಬಳಗದಲ್ಲಿ ಒಬ್ಬರು ರಾಮಬಾಣ ಹೇಳಿಕೊಟ್ಟರು: ವಿಂಟರ್‌ಗ್ರೀನ್ ಎಣ್ಣೆ ಒಂದು ಪಾಲು, ಪೇಂಟಿನವರು ಬಳಸುವ ಜೈಲೀನ್ ಮೂರು ಪಾಲು, ಅದರಲ್ಲಿ ರಬ್ಬರು ನೆನೆಹಾಕುವುದು. ವಿಂಟರ್‌ಗ್ರೀನ್ ಎಂದರೆ ಊಟಿಯಲ್ಲಿ ನೀಲಗಿರಿ ಎಣ್ಣೆಯ ಪಕ್ಕದಲ್ಲೇ ಇಟ್ಟು ಮಾರುತ್ತಾರಲ್ಲ, ಅದೇ. ನಮ್ಮಲ್ಲಿ ಗಂಧಪುರ ಎಣ್ಣೆ ಎಂದರೆ ಕೊಡುತ್ತಾರೆ. ದೇವರಾಜ ಮಾರುಕಟ್ಟೆಯ ಹತ್ತಿರದ ಗ್ರಂಥಿಗೆ ಅಂಗಡಿಗೆ ಹೋದೆ.

“ಮಂಡಿಗಾ ಸಾರ್, ಸೊಂಟಕ್ಕಾ?” ಎಂದ ಅಂಗಡಿಯವನು.

“ಯೆಜ್ಡಿಗೆ.”

ಅವನು ಬೇಜಾರಾಗದಂತೆ ತಲೆಯಾಡಿಸಿ ದೊಡ್ಡ ಬಾಟಲಿಯನ್ನೇ ಕೊಟ್ಟ. ನೋವು ತಲೆಗೇರಿದೆ ಅಂದುಕೊಂಡಿರಬೇಕು.

ನೋವಿನ ಮುಲಾಮುಗಳಿಗೆ ಆ ಪರಿಮಳ ಕೊಡುವುದು ಮೀಥೈಲ್ ಸ್ಯಾಲಿಸಿಲೇಟ್. ಗಂಧಪುರ ಎಣ್ಣೆ ಎಂದರೆ ಬಹುಪಾಲು ಅದೇ. ಇದು ಗೊತ್ತಿದ್ದೂ ಬಾಟಲಿಯ ಬಿರಟೆಯನ್ನು ನಡುಮನೆಯಲ್ಲಿ ತೆಗೆದೆ. ಸಂಜೆಯೊಳಗೆ ಇಡೀ ಮನೆಗೆ ಸೊಂಟ ಹಿಡಿದಂಥ ವಾಸನೆ. ಮಹಡಿಯವರು ಕೆಳಗಿಳಿದು “ಯಾರಿಗೆ ಉಳುಕಿತು?” ಎಂದು ಕೇಳಿಹೋದರು. ಎದುರುಮನೆಯವರು ಮೂಸಂಬಿ ಹಿಡಿದುಕೊಂಡೇ ಬಂದರು. ಅವರು ಅಷ್ಟು ಅಕ್ಕರೆಯಿಂದ ಬಂದಿರುವಾಗ ರಬ್ಬರಿಗೆ ಎನ್ನುವುದು ಹೇಗೆ? ಸೋಫಾದಲ್ಲಿ ಒರಗಿ ಸ್ವಲ್ಪ ನರಳಿದೆ. ಮೂಸಂಬಿ ಸಿಹಿಯಾಗಿತ್ತು.

ಜೈಲೀನಿಗೆ ಬೆಂಕಿಯ ಭಯವಿರುವುದರಿಂದ ನನ್ನನ್ನೂ ನನ್ನ ಔಷಧವನ್ನೂ ತಾರಸಿಗೆ ಗಡೀಪಾರು ಮಾಡಲಾಯಿತು. ಅಲ್ಲಿ ಮುಚ್ಚಳವಿರುವ ಪಾತ್ರೆ ಬೇಕಲ್ಲ. ಖಾಲಿಯಿದ್ದ ಉಪ್ಪಿನಕಾಯಿ ಜಾಡಿ ಒಯ್ದೆ. ಮಿಡಿಮಾವಿನ ಕಾಲ ಬರುವವರೆಗೆ ಯಾರೂ ಹುಡುಕುವುದಿಲ್ಲ ಎಂಬುದು ನನ್ನ ಲೆಕ್ಕ. ಮಿಡಿಮಾವು ಆ ವಾರವೇ ಮಾರುಕಟ್ಟೆಗೆ ಬಂತು.

ಜಾಡಿಯೊಳಗೆ ನಡೆದದ್ದು ಮಾತ್ರ ಪವಾಡವೇ. ಕಲ್ಲಾಗಿದ್ದ ಫುಟ್‌ರೆಸ್ಟ್ ರಬ್ಬರು ಬೆರಳಿಗೆ ಬಗ್ಗಿತು. ಇನ್ನೂ ಚೆನ್ನಾಗಲಿ ಎಂದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಊದಿಕೊಂಡು ಒಂದೂವರೆ ಪಟ್ಟು! ಫುಟ್‌ರೆಸ್ಟಿನ ರಬ್ಬರು ಸರಳಿನ ಮೇಲೆ ಗಿರಗಿರ ತಿರುಗತೊಡಗಿತು. ಕಾಲಿಟ್ಟರೆ ಕಾಲನ್ನೂ ತಿರುಗಿಸುತ್ತಿತ್ತು. ಎಣ್ಣೆ ಆವಿಯಾದಂತೆ ಎಲ್ಲ ಮತ್ತೆ ಕುಗ್ಗಿದವು, ಕುಗ್ಗಿ ಮತ್ತೆ ಬಿರುಸಾದವು. ರಬ್ಬರಿನ ಉದ್ದುದ್ದ ಅಣುಗಳ ನಡುವೆ ಗಂಧಕ ಗಂಟು ಹಾಕಿರುತ್ತದೆ. ಬಿಸಿಲು, ಶಾಖ, ಗಾಳಿಯಲ್ಲಿ ವರ್ಷಗಟ್ಟಲೆ ಇದ್ದರೆ ಗಂಟುಗಳು ಹೆಚ್ಚುತ್ತಾ ಹೋಗುತ್ತವೆ. ಎಣ್ಣೆ ಮಧ್ಯೆ ನುಗ್ಗಿ ಊದಿಸುತ್ತದೆಯೇ ಹೊರತು ಒಂದು ಗಂಟನ್ನೂ ಬಿಚ್ಚುವುದಿಲ್ಲ. ಈ ವಿಷಯ ಓದಿದ್ದು ಮೂರನೇ ಬಾಟಲಿ ತಂದ ಮೇಲೆ.

ಮೂರನೇ ಬಾಟಲಿ ಯಾಕೆ ಬೇಕಾಯಿತು ಎಂದರೆ, ಮೊದಲೆರಡು ಜಾಡಿಗೆ ಸುರಿಯುವ ಮುಂಚೆಯೇ ಅರ್ಧರ್ಧ ಖಾಲಿಯಾಗುತ್ತಿದ್ದವು. ಆವಿಯಾಗುತ್ತಿದೆ ಅಂದುಕೊಂಡಿದ್ದೆ. ಒಂದು ದಿನ ಅತ್ತೆಯವರು, ಎರಡು ವರ್ಷದಿಂದ ಕೈಹಿಡಿದು ಹತ್ತಿಸಬೇಕಾಗಿದ್ದ ಅತ್ತೆಯವರು, ಒಬ್ಬರೇ ಮೆಟ್ಟಿಲು ಹತ್ತಿ ತಾರಸಿಗೆ ಬಂದು ಹಪ್ಪಳ ಒಣಹಾಕಿದರು. ನನ್ನ ಪಕ್ಕ ನಿಂತು, “ಅಳಿಯಂದಿರೇ, ಈ ಎಣ್ಣೆ ಯಾವ ಅಂಗಡೀದು? ಬಹಳ ಚೆನ್ನಾಗಿದೆ” ಎಂದರು. ಮನೆಯಲ್ಲಿ ನನ್ನ ಪ್ರಯೋಗಕ್ಕೆ ಸಿಕ್ಕ ಮೊದಲ ಮತ್ತು ಕೊನೆಯ ಪ್ರಶಸ್ತಿ.

ಇನ್ನು ಸ್ಟಾರ್ಟ್ ಮಾಡುವ ಸಂಭ್ರಮ. ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸಿ ಟ್ಯಾಂಕಿಗೆ ಸುರಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್, ಹಳೇ ರಬ್ಬರಿಗೂ ಅದಕ್ಕೂ ಆಗಿಬರುವುದಿಲ್ಲ. ನನ್ನ ಒರಿಜಿನಲ್ ಪೈಪು ಬಿರುಕುಬಿಟ್ಟು, ಹೆಂಡತಿ ಶುಕ್ರವಾರವೆಂದು ಬಣ್ಣ ತುಂಬಿದ್ದ ರಂಗೋಲಿಯ ಮೇಲೆ ಪೆಟ್ರೋಲು ಹರಿಯಿತು. ಪೈಪು ಬದಲಿಸಿದ ಮೇಲೆ ಎಂಜಿನ್ ಹತ್ತಿಕೊಂಡಿತು, ಆದರೆ ಬಂದ ಹೊಗೆಗೆ ಬೀದಿ ಕಾಣಲಿಲ್ಲ. ಕಾರ್ಪೊರೇಷನ್ನಿನ ಸೊಳ್ಳೆ ಹೊಗೆಯ ಗಾಡಿ ಬಂತೆಂದು ಮಕ್ಕಳು ಕೇಕೆ ಹಾಕುತ್ತಾ ಓಡಿಬಂದವು. ದೊಡ್ಡವರು ಕಿಟಕಿ ಹಾಕಿಕೊಂಡರು. ಮೂಲೆಮನೆಯವರು ಬಾಗಿಲು ತೆರೆದು, “ನಮ್ಮ ಮೋರಿ ಹತ್ರ ಸ್ವಲ್ಪ ಬಿಡಿ” ಎಂದರು.

“ಕ್ರ್ಯಾಂಕ್ ಸೀಲ್ ಸತ್ತಿದೆ ಸಾರ್. ಗೇರ್ ಬಾಕ್ಸಿನ ಎಣ್ಣೆ ಎಳ್ಕೊಂಡು ಸುಡ್ತಾ ಇದೆ,” ಎಂದರು ಭಾಯ್. “ಹೊಸದು ಹಾಕಲಾ? ಒಳಗಿರೋದು ಒರಿಜಿನಲ್ಲೋ ಅಲ್ವೋ ಯಾರಿಗೆ ಕಾಣುತ್ತೆ?”

ಮನುಷ್ಯನ ದೌರ್ಬಲ್ಯ ಬಲ್ಲವರು ಮೆಕ್ಯಾನಿಕ್‌ಗಳು. ಯಾರಿಗೂ ಕಾಣದ ಕಡೆಯೆಲ್ಲ ಡೂಪ್ಲಿಕೇಟಿಗೆ ಒಪ್ಪಿದೆ. ಕಾಣುವ ಕಡೆ, ಅಂದರೆ ಮಂಡಿ ಪ್ಯಾಡು, ಫುಟ್‌ರೆಸ್ಟು, ಹಿಡಿ, ಇವಕ್ಕೆ ಎಣ್ಣೆ ಹಚ್ಚಿ ಹೊಳಪಿಸಿ ಉಳಿಸಿಕೊಂಡೆ. ಮುಟ್ಟಿದರೆ ಕೈ ಕಪ್ಪಾಗುತ್ತದೆ. ಮುಟ್ಟಬೇಡಿ ಎಂದರಾಯಿತು.

ಜುಲೈನ ಎರಡನೇ ಭಾನುವಾರ ಜಾವಾ ದಿನ. ಹಿಂದಿನ ಸಂಜೆ ಬಳಗದವರು ಕೆಲವರು ಗಾಡಿ ನೋಡಲು ಮನೆಗೆ ಬಂದರು. ಬಿಳಿ ಮೀಸೆ ತೀಡಿ, ಟ್ಯಾಂಕಿನ ಪಕ್ಕ ನಿಂತು, “ಎಲ್ಲಾ ಫ್ಯಾಕ್ಟರಿ ರಬ್ಬರು. ಒಂದನ್ನೂ ಬದಲಾಯಿಸಿಲ್ಲ” ಎಂದೆ. ಅವರೆಲ್ಲ ಬಗ್ಗಿ ಬಗ್ಗಿ ನೋಡಿ ಲೊಚಗುಟ್ಟಿದರು. ಕಾಫಿ ತಂದ ಅತ್ತೆಯವರು ಲೋಟ ಕೊಡುತ್ತಾ ನಿಂತರು.

“ಯಾವುದು, ಇದಾ? ಇದನ್ನ ನಿಮ್ಮ ಮದುವೆ ಮಾತುಕತೆ ಹೊತ್ತಿಗೆ ನಿಮ್ಮ ಮಾವ ಹಾಕಿಸಿದ್ದಲ್ವಾ? ಗಂಡಿನ ಕಡೆಯವರು ಬರ್ತಾರೆ, ಗಾಡಿ ಹೊಸದಾಗಿ ಕಾಣ್ಲಿ ಅಂತ ಬೆಂಗಳೂರಿಂದ ಅಗ್ಗದ್ದು ತಂದು ಎಲ್ಲಾ ಬದಲಾಯಿಸಿದ್ರು.”

ಬಳಗದವರು ಕಾಫಿಯಲ್ಲಿ ಮುಖ ಮುಳುಗಿಸಿದರು. ಹೆಂಡತಿ ಒಳಗೆ ಹೋದಳು. ಒಳಗಿನಿಂದ ನಗು ಕೇಳಿಸಿತು.

“ಮೊದಲಿಂದು ಏನಾಯ್ತು ಅತ್ತೆ?”

“ಎಸೀತಾರಾ ಅವರು? ಟ್ರಂಕಲ್ಲಿ ಕಟ್ಟಿಟ್ಟಿದ್ರು. ನಿಮ್ಮ ಅಟ್ಟದ ಮೇಲೇ ಇದೆ.”

ಬಳಗದವರು ಗೇಟು ದಾಟುವಷ್ಟರಲ್ಲಿ ಏಣಿ ತಂದು ಅಟ್ಟಕ್ಕೆ ಚಾಚಿದ್ದೆ. ಎರಡನೇ ಮೆಟ್ಟಿಲಲ್ಲಿ ನನ್ನ ಎಡಮಂಡಿ ಕಟಕ್ಕೆಂದಿತು. ಅಲ್ಲಿಂದಲೇ ಕೇಳಿದೆ:

“ಅತ್ತೆ, ಎಣ್ಣೆ ಎಷ್ಟು ಉಳಿದಿದೆ?”

“ಒಂದು ಮಂಡಿಗಾಗೋವಷ್ಟಿದೆ,” ಎಂದರು ಅತ್ತೆಯವರು. “ನಂದು ಇನ್ನೂ ಹಚ್ಕೊಂಡಿಲ್ಲ.”