ಉಳುಕೋತ್ತರ ಸೇವಾಧಾವನ ಮೀಮಾಂಸೆ

ಉಳುಕಿದ ಕಾಲು ವಾಸಿಯಾದ ಮೇಲೆ ಮನುಷ್ಯ ಅಂಗಡಿಗೆ ಹೋಗುತ್ತಾನೆ, ಬಸ್ಸು ಹತ್ತುತ್ತಾನೆ, ಮದುವೆಗೆ ಹೋಗಿ ಉಂಡು ಬರುತ್ತಾನೆ. ಇಷ್ಟಕ್ಕೆ ಯಾರೂ ಶಾಸ್ತ್ರ ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ಅದೇ ಕಾಲು ದುಡ್ಡು ಕಟ್ಟಿ, ಎದೆಗೆ ನಂಬರು ಚುಚ್ಚಿಸಿಕೊಂಡು, ಭಾನುವಾರ ಬೆಳಿಗ್ಗೆ ಐದೂವರೆಗೆ ಮೈಸೂರಿನ ಓವಲ್ ಮೈದಾನದಲ್ಲಿ ಬಂದು ನಿಂತರೆ ತಾತ್ತ್ವಿಕ ತೊಡಕುಗಳು ಏಳುತ್ತವೆ. ಗಾಯದಿಂದ ಎದ್ದವನು, ಊರಲ್ಲಿ ಬೇಕಾದಷ್ಟು ಸ್ಪರ್ಧೆಗಳಿರುವಾಗ, ಪರೋಪಕಾರದ ಓಟವನ್ನೇ ಏಕೆ ಹಿಡಿಯುತ್ತಾನೆ? ಕರುಣೆಯಿಂದ ಎನ್ನುವುದು ಪೂರ್ವಪಕ್ಷ. ಎಷ್ಟನೆಯವನಾಗಿ ಬಂದೆ ಎಂದು ಯಾರೂ ಕೇಳದಿರಲಿ ಎಂಬುದಕ್ಕಾಗಿ ಎನ್ನುವುದು ನಮ್ಮ ಸಿದ್ಧಾಂತ.

ಅಧ್ಯಯನಕ್ಕಾಗಿ ಒಂದು ಎಡಗಾಲನ್ನು, ಅದಕ್ಕೆ ಅಂಟಿಕೊಂಡಿದ್ದ ಮಧ್ಯವಯಸ್ಕ ಗೃಹಸ್ಥನ ಸಮೇತ, ಆರಿಸಿಕೊಳ್ಳಲಾಯಿತು. ಮುಂದೆ ಇವೆರಡನ್ನೂ ಸೇರಿಸಿ ‘ವಸ್ತು’ ಎಂದು ಕರೆಯಲಾಗುವುದು. ವಸ್ತುವು ಒಂದು ಮಳೆಗಾಲದ ಸಂಜೆ ಫುಟ್‌ಪಾತಿನಲ್ಲಿ ಒಂದು ಮಗ್ಗುಲು ಎದ್ದಿದ್ದ ಕಲ್ಲುಚಪ್ಪಡಿಯ ಮೇಲೆ ಹೆಜ್ಜೆಯಿಟ್ಟಿತು. ಪಾದ ಒಳಮುಖವಾಗಿ ಹೊರಳಿ, ಹರಡಿನ ಹೊರಮಗ್ಗುಲಿನ ಅಸ್ಥಿರಜ್ಜು ಹಿಗ್ಗಿತು. ಹರಡಿನ ಉಳುಕುಗಳಲ್ಲಿ ಬಹುಪಾಲು ಈ ಜಾತಿಯವೇ. ಆದ್ದರಿಂದ ವಸ್ತುವಿನ ನೋವಿನಲ್ಲಿ ಸ್ವಂತಿಕೆಯೇನೂ ಇರಲಿಲ್ಲ. ಅದು ಹಾಕಿದ ಕೂಗಿನಲ್ಲಿ ಮಾತ್ರ ಇತ್ತು.

ಉಳುಕು ಎಂದೊಡನೆ ಮತಭೇದ ಶುರು. ಬೀದಿಯಲ್ಲಿ ಒಬ್ಬ ಕುಂಟುತ್ತ ಬಂದರೆ ಸಾಕು, ವೈದ್ಯರಲ್ಲದವರು ಯಾರೂ ಉಳಿಯುವುದಿಲ್ಲ. ಹುಣಸೆಹಣ್ಣಿಗೆ ಉಪ್ಪು ಹಾಕಿ ಕಾಯಿಸಿ ಪಟ್ಟು ಹಾಕಬೇಕೆಂಬುದು ಒಂದು ಶಾಖೆ, ಅರಿಸಿನ–ಸುಣ್ಣವೆಂಬುದು ಇನ್ನೊಂದು; ಮೊಟ್ಟೆಯ ಬಿಳಿ ಹಚ್ಚುವವರನ್ನು ಇವೆರಡೂ ಸೇರಿ ಪಂಕ್ತಿಯಿಂದ ಹೊರಗಿಟ್ಟಿವೆ. ಮೂಳೆ ಮುರಿಯದಿದ್ದರೇನಂತೆ, ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡೇ ಬನ್ನಿ ಎಂದವರು ಎದುರುಮನೆಯವರು. ಕಾಲು ಮುಂದಾಗಿ ಹುಟ್ಟಿದವರ ಕೈಯಲ್ಲಿ, ಕ್ಷಮಿಸಿ, ಕಾಲಲ್ಲಿ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ಮತವೂ ಉಂಟು. ಅದು ಸೊಂಟಕ್ಕೆ ಮಾತ್ರ ಅನ್ವಯವೆಂದು ಬಲ್ಲವರೊಬ್ಬರು ತೀರ್ಪು ಕೊಟ್ಟಿದ್ದರಿಂದ ವಸ್ತು ಬದುಕಿಕೊಂಡಿತು.

ಪಾಶ್ಚಾತ್ಯರೇನು ಕಡಿಮೆಯಲ್ಲ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ಚತುಃಸೂತ್ರವನ್ನು 1978ರಲ್ಲಿ ಜಗತ್ತಿಗೆ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮೂರೂವರೆ ದಶಕ ಜಗತ್ತೆಲ್ಲ ಕಾಲಿಗೆ ಐಸು ಒತ್ತಿಕೊಂಡಿತು. 2014ರಲ್ಲಿ ಸೂತ್ರಕಾರರೇ, ಐಸಿನಿಂದ ವಾಸಿಯಾಗುವುದು ತಡವಾಗಬಹುದು ಎಂದು ತಮ್ಮ ಸೂತ್ರಕ್ಕೆ ತಾವೇ ತಿದ್ದುಪಡಿ ಬರೆದರು. 2019ರಲ್ಲಿ ಬಂದ ಹೊಸ ಸೂತ್ರಮಾಲೆಯ ಹೆಸರು ‘ಪೀಸ್ ಅಂಡ್ ಲವ್’. ಅದರಲ್ಲಿ ಐಸು ಇಲ್ಲ, ಆಶಾವಾದ ಇದೆ. ಹೌದು, ಆಶಾವಾದವನ್ನೂ ಚಿಕಿತ್ಸೆಯ ಅಂಗವೆಂದು ಎಣಿಸಿದ್ದಾರೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ್ದಕ್ಕೆ ಕ್ರೇಪ್ ಬ್ಯಾಂಡೇಜ್ ಮಾತ್ರ ಕೊಟ್ಟರು.

ಇನ್ನು ಸಾಧನಕಾಂಡ. ವಾರದಿಂದ ವಾರಕ್ಕೆ ಓಟದ ದೂರವನ್ನು ಶೇ 10ಕ್ಕಿಂತ ಹೆಚ್ಚಿಸಕೂಡದು ಎಂಬುದು ಓಟಗಾರರಲ್ಲಿ ಬಾಯಿಂದ ಬಾಯಿಗೆ ಬಂದ ನಿಯಮ. ಗಣಿತದೃಷ್ಟಿಯಿಂದ ಇದನ್ನು ಪರಿಶೀಲಿಸಿದಾಗ ಒಂದು ಭಯಂಕರ ಸತ್ಯ ಹೊರಬಿತ್ತು. ಮಂಚದ ಮೇಲಿದ್ದವನ ಓಟ ಸೊನ್ನೆ. ಸೊನ್ನೆಯ ಶೇ 10 ಸೊನ್ನೆ. ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನು ಪ್ರಳಯದವರೆಗೂ ಮಂಚದ ಮೇಲೇ ಇರತಕ್ಕದ್ದು. ವಸ್ತುವು ಈ ವ್ಯಾಖ್ಯಾನವನ್ನು ಬಹಳ ದಿನ ಮೆಚ್ಚಿಕೊಂಡಿತ್ತು. ಕೊನೆಗೆ ಫಿಸಿಯೋಥೆರಪಿಸ್ಟ್ ಹುಡುಗಿ ಬಂದು ಶಾಸ್ತ್ರಾರ್ಥಕ್ಕೆ ಕಿವಿಗೊಡದೆ, ‘ಅಂಕಲ್, ಒಂಟಿ ಕಾಲಲ್ಲಿ ನಿಂತ್ಕೊಳ್ಳಿ’ ಎಂದಳು. ಹರಡು ತಾನು ಎಲ್ಲಿದ್ದೇನೆ ಎಂಬುದನ್ನು ಉಳುಕಿನಲ್ಲಿ ಮರೆತಿರುತ್ತದಂತೆ. ಅದಕ್ಕೆ ಮತ್ತೆ ಕಲಿಸಬೇಕಂತೆ. ಭಗೀರಥನಾದರೋ ಗಂಗೆಗಾಗಿ ನಿಂತ. ವಸ್ತು ಸ್ಟೌವಿನ ಮುಂದೆ, ಹಾಲು ಉಕ್ಕುವವರೆಗೆ, ಎಡಗಾಲ ಮೇಲೆ ನಿಂತಿತು. ಹೆಬ್ಬೆರಳು ನೆಲವನ್ನು ಹಿಡಿಯುತ್ತಿತ್ತು, ಹಿಮ್ಮಡಿ ಸಣ್ಣಗೆ ಅದುರುತ್ತಿತ್ತು, ಒಂದು ಕೈ ಗ್ರಾನೈಟ್ ಕಟ್ಟೆಯ ಅಂಚಿಗೆ ಹೋಗಿ ಮುಟ್ಟದೆ ಹಿಂದೆ ಬರುತ್ತಿತ್ತು. ಹಾಲು ಎಷ್ಟೋ ಸಲ ಉಕ್ಕಿ ಹರಿಯಿತು. ಅದನ್ನು ಇಳಿಸಲು ಇನ್ನೊಂದು ಕಾಲು ಊರಿದರೆ ತಪೋಭಂಗ.

ಮುಂದಿನದು ದಾನಪ್ರಕರಣ. ಓಟದ ಶುಲ್ಕ ಬಡವರ ಕಣ್ಣಿನ ಪೊರೆಯ ಆಪರೇಷನ್ನಿಗೆ ಎಂದು ಫ್ಲೆಕ್ಸಿನಲ್ಲಿ ಬರೆದಿತ್ತು. ಗೀತೆಯ 17ನೆಯ ಅಧ್ಯಾಯ ದಾನವನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರು ಮಾಡುತ್ತದೆ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಓಟದ ಶುಲ್ಕಕ್ಕೆ ಪ್ರತಿಯಾಗಿ ಟೀಶರ್ಟು, ಪದಕ, ಬಾಳೆಹಣ್ಣು, ಉಪ್ಪಿಟ್ಟು, ಸರ್ಟಿಫಿಕೇಟು ಬರುವುದರಿಂದ ಅದು ರಾಜಸವೆಂಬುದರಲ್ಲಿ ಸಂಶಯವಿಲ್ಲ. ಕಾಲವಲ್ಲದ ಕಾಲದಲ್ಲಿ ಕೊಟ್ಟದ್ದು ತಾಮಸ. ಭಾನುವಾರದ ಐದೂವರೆ ಗಂಟೆ ಕಾಲವೋ ಅಕಾಲವೋ ಎಂಬ ಬಗ್ಗೆ ವಸ್ತುವಿನ ಹೆಂಡತಿಗೆ ಸ್ಪಷ್ಟ ಅಭಿಪ್ರಾಯವಿತ್ತು. ಸಾತ್ತ್ವಿಕಾಂಶ ಎಲ್ಲಿಂದ ಬಂತು? ಟೀಶರ್ಟು ಎರಡು ಒಗೆತಕ್ಕೆ ಸ್ಕೂಟರ್ ಒರೆಸುವ ಬಟ್ಟೆಯಾಗುವುದರಿಂದ ಪ್ರತಿಫಲ ತಾನಾಗಿಯೇ ನಾಶವಾಗಿ, ದಾನ ಕಾಲಕ್ರಮೇಣ ಶುದ್ಧವಾಗುತ್ತದೆ.

ಓಟದ ದಿನ ಮೈದಾನದಲ್ಲಿ ಧ್ವನಿವರ್ಧಕ, ಜುಂಬಾ, ಸೆಲ್ಫಿ. ಆ ಗುಂಪಿನಲ್ಲಿ ಗಾಯಾಳುಗಳನ್ನು ಗುರುತಿಸುವುದು ಹೇಗೆ? ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವನ್ನು ಪ್ರಯೋಗಿಸಲಾಯಿತು. ಪ್ರತಿಜ್ಞೆ: ಈತ ಗಾಯಾಳು. ಹೇತು: ನೋವಿನ ಮುಲಾಮಿನ ವಾಸನೆ ಬರುತ್ತಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಮುಲಾಮಿನ ವಾಸನೆಯೋ ಅಲ್ಲಲ್ಲಿ ನೋವು, ಅಜ್ಜಿಯ ಕೋಣೆಯಲ್ಲಿದ್ದಂತೆ. ಉಪನಯ: ಈತನಲ್ಲೂ ಹಾಗೆಯೇ. ನಿಗಮನ: ಆದ್ದರಿಂದ ಗಾಯಾಳು. ಆದರೆ ಸುತ್ತ ನೋಡಿದರೆ ಇಪ್ಪತ್ತರ ಹುಡುಗರೂ ಏನೂ ಆಗದ ಮೊಣಕಾಲಿಗೆ ಮುಂಜಾಗ್ರತೆಯ ಸ್ಪ್ರೇ ಹೊಡೆದುಕೊಳ್ಳುತ್ತಿದ್ದರು. ಹೇತು ವ್ಯಭಿಚಾರಿಯಾಯಿತು. ಗೌತಮ ಮಹರ್ಷಿಗಳು ಓಟದ ಮೈದಾನಕ್ಕೆ ಬಂದವರಲ್ಲವೆಂದು ತೋರುತ್ತದೆ.

ದಾರಿ ಹುಣಸೂರು ರಸ್ತೆಗೆ ಬಿದ್ದು, ಕಲಾಮಂದಿರ ದಾಟಿ, ಮಾನಸಗಂಗೋತ್ರಿಯ ಮರಗಳಡಿ ಹಾದು, ಬೋಗಾದಿ ರಸ್ತೆಯಿಂದ ಕ್ರಾಫರ್ಡ್ ಹಾಲಿನತ್ತ ತಿರುಗುತ್ತದೆ. ಎಂದರೆ ಕುಕ್ಕರಹಳ್ಳಿ ಕೆರೆಗೆ ಒಂದು ಪ್ರದಕ್ಷಿಣೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಲಗದ್ದೆಗಳಿಗೆ ನೀರಾಗಲೆಂದು ಮಾಡಿಸಿದ ಕೆರೆಯ ಏರಿ ಈಗ ಸಕ್ಕರೆ ಕಾಯಿಲೆಯವರ ರಾಜಮಾರ್ಗ. ಕಲಾಮಂದಿರದ ಹೊತ್ತಿಗೆ ವಸ್ತುವನ್ನು ಕಾಲೇಜು ಹುಡುಗರು ಹಿಂದೆ ಹಾಕಿದ್ದರು. ಇದು ಪ್ರಕೃತಿನಿಯಮ, ಚರ್ಚೆಗೆ ಬಾರದು. ಆಮೇಲೆ ಸೀರೆಯನ್ನು ಎತ್ತಿ ಕಟ್ಟಿ ಕ್ಯಾನ್ವಾಸ್ ಶೂ ಹಾಕಿದ್ದ ಟೀಚರೊಬ್ಬರು, ‘ಹುಷಾರು ಸರ್’ ಎಂದು ಹಾರೈಸಿ ಮುಂದೆ ಹೋದರು. ಹಿಂದೆ ಹಾಕುವವರಲ್ಲಿ ಮಾತಾಡಿ ಹೋಗುವವರು, ಮಾತಾಡದೆ ಹೋಗುವವರು ಎಂದು ಎರಡು ಬಗೆ. ಮೊದಲಿನವರೇ ಹೆಚ್ಚು ನೋಯಿಸುವವರು.

ವಸ್ತು ನಡೆಯತೊಡಗಿತು. ಇದಕ್ಕೂ ಆಧಾರವಿದೆ: 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಅವರೇ, ಸ್ವಲ್ಪ ಓಡಿ, ಸ್ವಲ್ಪ ನಡೆದು, ಮತ್ತೆ ಓಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು. ವಸ್ತುವು ಆ ಪದ್ಧತಿಯ ನಡುವಣ ಭಾಗವನ್ನು ತುಸು ವಿಸ್ತರಿಸಿತು.

ಕಾಲದ ವಿಚಾರವೂ ಇಲ್ಲೇ ಬರಬೇಕು. ಬಾವುಟ ಬೀಸಿದಾಗಿನಿಂದ ಎಣಿಸುವುದು ಗನ್ ಟೈಮ್, ನಂಬರಿನ ಹಿಂದಿನ ಚಿಪ್ಪು ಗೆರೆ ದಾಟಿದಾಗಿನಿಂದ ಎಣಿಸುವುದು ಚಿಪ್ ಟೈಮ್. ಮೂರನೆಯದೊಂದು ಇದೆ, ಆಫೀಸಿನಲ್ಲಿ ಹೇಳುವ ಟೈಮ್. ಮೂರನ್ನೂ ಒಟ್ಟಿಗೇ ಕಿತ್ತೊಗೆದವರು ಕೆನಡಾದವರು. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಟೆರ್ರಿ ಫಾಕ್ಸ್ ಎಂಬ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು, 143 ದಿನ ಓಡಿ 5,373 ಕಿ.ಮೀ. ಕ್ರಮಿಸಿದ, ರೋಗ ಶ್ವಾಸಕೋಶಕ್ಕೆ ಹರಡಿ ಅಲ್ಲಿಗೆ ನಿಲ್ಲಿಸಬೇಕಾಯಿತು. 1981ರಿಂದ ಅವನ ಹೆಸರಲ್ಲಿ ನಡೆಯುವ ಓಟದಲ್ಲಿ ಸ್ಪರ್ಧೆಯೂ ಇಲ್ಲ, ಗೆದ್ದವರೂ ಇಲ್ಲ. ಅವನ ಕಾಲಿನ ಮುಂದೆ ನಮ್ಮ ವಸ್ತುವಿನ ಹರಡನ್ನು ಎತ್ತಿ ಮಾತಾಡುವುದು ಈ ಪ್ರಬಂಧಕ್ಕೂ ನಾಚಿಕೆ. ಆದರೂ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಆಧಾರ ಇನ್ನೊಂದಿಲ್ಲದ್ದರಿಂದ ಹೇಳಬೇಕಾಯಿತು.

ಬೋಗಾದಿ ರಸ್ತೆಯಲ್ಲಿ ವಸ್ತುವಿನ ಹಿಂದೆ ಉಳಿದದ್ದು ಆಂಬುಲೆನ್ಸ್ ಒಂದೇ. ಅದು ಮೊದಲ ಗೇರಿನಲ್ಲಿ ಗೊರಗೊರನೆ ಬರುತ್ತಿತ್ತು. ನೀರು ಕೊಡುವ ಮೇಜನ್ನು ಹುಡುಗರು ಆಗಲೇ ಮಡಚಿಟ್ಟಿದ್ದರು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

‘ಸಾ, ಹತ್ಕತೀರಾ?’

‘ಬ್ಯಾಡಪ್ಪ, ನಡಿ ನೀನು.’

‘ನಾನ್ ಮುಂದುಕ್ ಹೋಗಂಗಿಲ್ಲ ಸಾ. ನಿಮ್ಮಿಂದೇನೇ ಬರ್ಬೇಕು ಅಂತ ಆರ್ಡ್ರು.’

ಕೊನೆಯವನಿಗೆ ಮಾತ್ರ ಬೆಂಗಾವಲು ವಾಹನ ಎಂಬ ಈ ರಾಜಮರ್ಯಾದೆಯನ್ನು ಹಿಂದಿನ ವಿದ್ವಾಂಸರು ಗಮನಿಸಿದಂತಿಲ್ಲ. ಮೈದಾನದಲ್ಲಿ ವಸ್ತುವಿನ ಕೊರಳಿಗೂ, ಮೊದಲು ಬಂದವನ ಕೊರಳಿಗೆ ಬಿದ್ದಂಥದೇ ಪದಕ ಬಿತ್ತು. ಉಪ್ಪಿಟ್ಟು ಮುಗಿದಿತ್ತು.

ಸಿದ್ಧಾಂತದ ನಿಜವಾದ ಪರೀಕ್ಷೆ ನಡೆದದ್ದು ಮನೆಯಲ್ಲಿ. ಹಜಾರದಲ್ಲಿ ಹೂ ಕಟ್ಟುತ್ತ ಕೂತಿದ್ದ ದೊಡ್ಡಮ್ಮ ಪದಕವನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಎಷ್ಟನೇ ಪ್ರೈಜೋ?’ ಎಂದು ಕೇಳಿದರು.

‘ಇದು ಪ್ರೈಜಿಗಲ್ಲ ದೊಡ್ಡಮ್ಮ. ಬಡವರ ಕಣ್ಣಿನ ಆಪರೇಷನ್ನಿಗೆ.’

ಸಿದ್ಧಾಂತ ಪೂರ್ಣವಾಗಿ ಫಲಿಸಿತು. ದೊಡ್ಡಮ್ಮನ ಮುಖದಲ್ಲಿ ಗೌರವ ಮೂಡಿತು. ಅವರು ಪದಕವನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟರು, ಇನ್ನೊಂದು ಗಂಟು ಹಾಕಿದರು, ಆಮೇಲೆ ತಲೆಯೆತ್ತಿದರು.

‘ಅಲ್ವೋ, ಅದಕ್ಕೆ ದುಡ್ಡು ಹಾಗೇ ಕೊಟ್ಟು ಬಂದಿದ್ರೆ ಆಗ್ತಿರಲಿಲ್ವೇ? ವಾಸಿಯಾದ ಕಾಲನ್ನ ಯಾಕೆ ಎಳ್ಕೊಂಡು ಹೋದೆ?’

ಈ ಆಕ್ಷೇಪಕ್ಕೆ ಸಮಾಧಾನವನ್ನು ಪೂರ್ವೋತ್ತರ ಗ್ರಂಥಗಳಲ್ಲೆಲ್ಲ ಹುಡುಕಲಾಗುತ್ತಿದೆ. ವಸ್ತುವು ಕಾಫಿ ಕೇಳಿತು.