ಕುಸ್ವಾರ್ ಮೀಮಾಂಸೆ: ಹಂಪನಕಟ್ಟೆ ಪರಿಸರದ ಕ್ರಿಸ್ಮಸ್ ಬೇಕಿಂಗಿನ ಸಾಂಕೇತಿಕ ಅಧ್ಯಯನ

ಅಧ್ಯಯನದ ಭೌಗೋಳಿಕ ವ್ಯಾಪ್ತಿಯನ್ನು ಮೊದಲು ಗೊತ್ತುಮಾಡಿಕೊಳ್ಳುವುದು ಸಂಶೋಧಕನ ಧರ್ಮ. ಒಂದು ದಿಕ್ಕಿಗೆ 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಚರ್ಚು, ಇನ್ನೊಂದು ದಿಕ್ಕಿಗೆ ಕ್ಲಾಕ್ ಟವರು, ಮೇಲಕ್ಕೆ ಬಾವುಟಗುಡ್ಡೆ, ಕೆಳಕ್ಕೆ ಸೆಂಟ್ರಲ್ ಮಾರ್ಕೆಟಿನ ದಾರಿ. ಡಿಸೆಂಬರಿನಲ್ಲಿ ಈ ಎಲ್ಲೆಯೊಳಗಿನ ಮನೆಗಳಿಂದ ಎಣ್ಣೆ ಕಾದ ವಾಸನೆ ಹೊರಡುತ್ತದೆ. ಸಿಟಿ ಬಸ್ಸಿನ ಹೊಗೆಯನ್ನು ಗೆದ್ದು ಮೂಗು ಮುಟ್ಟಿದ ವಾಸನೆಯನ್ನು ಮಾತ್ರ ಇಲ್ಲಿ ದತ್ತಾಂಶವೆಂದು ಸ್ವೀಕರಿಸಲಾಗಿದೆ.

ಕುಸ್ವಾರ್ ಎಂದರೆ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಕ್ರಿಸ್ಮಸ್ಸಿಗೆ ಮನೆಯಲ್ಲಿ ಮಾಡಿ, ತಟ್ಟೆಯಲ್ಲಿ ಜೋಡಿಸಿ, ನೆರೆಕರೆಗೆ ಹಂಚುವ ತಿಂಡಿಗಳ ಒಟ್ಟು ಹೆಸರು. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಲಾಡು, ಮ್ಯಾಕರೂನ್, ಸೀಬೆಹಣ್ಣಿನ ಪೆರಾಡ್, ಕೊನೆಗೆ ಕೇಕು. ತಿಂಡಿಗೆ ಅರ್ಥ ಹಚ್ಚುವ ವಿಷಯದಲ್ಲಿ ಹೊರದೇಶದವರು ನಮಗಿಂತ ಬಹಳ ಮುಂದಿದ್ದಾರೆ ಎಂಬುದನ್ನು ನೋವಿನಿಂದ ದಾಖಲಿಸಬೇಕಾಗಿದೆ. ಜರ್ಮನರು ಸ್ಪ್ರಿಂಗರ್ಲೆ ಬಿಸ್ಕತ್ತಿನ ಮೇಲೆ ಕೆತ್ತಿದ ಮರದ ಅಚ್ಚಿನಿಂದ ಚಿತ್ರಗಳನ್ನೇ ಒತ್ತಿಬಿಡುತ್ತಾರೆ. ಅವರ ಷ್ಟೊಲೆನ್ ರೊಟ್ಟಿಗೆ ಬಿಳಿ ಸಕ್ಕರೆ ಪುಡಿ ಉದುರಿಸಿ, ಇದು ಬಟ್ಟೆ ಸುತ್ತಿದ ಬಾಲಯೇಸು ಎನ್ನುತ್ತಾರೆ. ಅಲ್ಲಿ ಪ್ರತಿ ತುತ್ತಿಗೂ ಒಂದು ಅರ್ಥ. ನಮ್ಮ ತುಕ್ಡಿಗೆ ಏನು ಅರ್ಥ? ಈ ಅವಮಾನದಿಂದಲೇ ಪ್ರಸ್ತುತ ಸಂಶೋಧನೆ ಹುಟ್ಟಿತು.

ಆರಂಭದಲ್ಲೇ ಒಂದು ತಾಂತ್ರಿಕ ಅಡಚಣೆ ಎದುರಾಯಿತು. ‘ಬೇಕಿಂಗ್’ ಬಗ್ಗೆ ಪ್ರಬಂಧ ಬರೆಯಲು ಹೊರಟರೆ, ಮೇಲಿನ ಪಟ್ಟಿಯಲ್ಲಿ ಬೇಕ್ ಆಗುವುದು ಮ್ಯಾಕರೂನ್ ಮತ್ತು ಕೇಕು ಮಾತ್ರ. ಮಿಕ್ಕದ್ದರಲ್ಲಿ ಬಹುಪಾಲು ಬಾಣಲೆಗೆ ಬೀಳುತ್ತದೆ. ಕೇಕಿಗೂ ಎಲ್ಲರ ಮನೆಯಲ್ಲಿ ಒಲೆಪೆಟ್ಟಿಗೆ ಎಲ್ಲಿತ್ತು? ಪಾತ್ರೆಯ ಅಡಿಗೆ ಕೆಂಡ, ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ. ಇಲ್ಲವಾದರೆ ಹಿಟ್ಟಿನ ಟ್ರೇ ಹೊತ್ತು ಬೇಕರಿಯ ಭಟ್ಟಿಗೆ ನಡೆಯಬೇಕು. ಆದಕಾರಣ ಈ ಪ್ರಬಂಧದಲ್ಲಿ ‘ಬೇಕಿಂಗ್’ ಎಂದಿರುವಲ್ಲೆಲ್ಲ ಓದುಗರು ‘ಕರಿಯುವುದು’ ಎಂದು ತಿದ್ದಿಕೊಳ್ಳಬೇಕು. ಶೀರ್ಷಿಕೆಯನ್ನು ವಿಶ್ವವಿದ್ಯಾಲಯದಲ್ಲಿ ಒಮ್ಮೆ ನೋಂದಾಯಿಸಿದ ಮೇಲೆ ಬದಲಿಸುವ ಕಷ್ಟ ಬಲ್ಲವರೇ ಬಲ್ಲರು.

ಇನ್ನು ಕಿಡಿಯೊ. ಮೈದಾ, ಮೊಟ್ಟೆ, ತೆಂಗಿನಹಾಲು ಕಲಸಿದ ಹಿಟ್ಟಿನಿಂದ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಫೋರ್ಕಿನ ಇಲ್ಲವೇ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕ ಹಿಡಿಸಿದರೆ ಕಿಡಿಯೊ. ಸಂಶೋಧನಾ ಲೋಕ ಇದುವರೆಗೆ ಗಮನಿಸದ ಅಂಶವೆಂದರೆ ಅದರ ಬೆನ್ನಿನ ಮೇಲಿನ ಗೆರೆಗಳು. ಕರಾವಳಿಯ ಶಾಸನಗಳನ್ನೆಲ್ಲ ಓದಿ ಮುಗಿಸಿದ ವಿದ್ವಾಂಸರು ಕಿಡಿಯೊವನ್ನು ಹಾಗೆಯೇ ನುಂಗುತ್ತ ಬಂದಿದ್ದಾರೆ! ಭೂತಗನ್ನಡಿಯಲ್ಲಿ ಪರಿಶೀಲಿಸಿದಾಗ ಗೆರೆಗಳಲ್ಲಿ ಎರಡು ಪರಂಪರೆಗಳು ಸ್ಪಷ್ಟವಾಗಿ ಕಂಡವು. ಅಗಲವಾದ, ನಾಲ್ಕೇ ಗೆರೆಯದು ಫೋರ್ಕ್ ಪಂಥ. ಸಣ್ಣಗೆ, ಒತ್ತೊತ್ತಾಗಿ ಇರುವುದು ಬಾಚಣಿಗೆ ಪಂಥ. ಮೊದಲನೆಯವರು ತಮ್ಮದು ನಾಗರಿಕ ವಿಧಾನ ಎನ್ನುತ್ತಾರೆ. ಎರಡನೆಯವರು ಫೋರ್ಕಿನ ಕಿಡಿಯೊವನ್ನು ಗೊಬ್ಬರದ ಹುಳಕ್ಕೆ ಹೋಲಿಸುತ್ತಾರೆ. ಒಂದೇ ಮನೆಗೆ ಎರಡು ಪಂಥದ ಸೊಸೆಯಂದಿರು ಬಂದಲ್ಲಿ ಅತ್ತೆ ಮೂರನೆಯ ದರ್ಶನವೊಂದನ್ನು ಸ್ಥಾಪಿಸುವುದುಂಟು: ಗೆರೆಯ ಹಲಗೆ.

ಈ ಗೆರೆಗಳನ್ನು ಆದಿಲಿಪಿಯೆಂದು ಸಾಧಿಸುವ ಅಂಚಿಗೆ ಬಂದಿದ್ದೆ. ಚರ್ಚಿನ ಹಿಂದಿನ ಓಣಿಯಲ್ಲಿ ಮನೆಯಿರುವ ನನ್ನ ಮುಖ್ಯ ಮಾಹಿತಿದಾರರು, ಹೆಸರು ಬರೆಯಕೂಡದೆಂಬ ಷರತ್ತಿನ ಮೇಲೆ ಮಾತಾಡಿದವರು, ಅದಕ್ಕೆ ಒಪ್ಪಲಿಲ್ಲ.

“ಬಾಯಮ್ಮಾ, ಈ ಸುರುಳಿ ಆತ್ಮದ ಅಂತರ್ಮುಖತೆಯನ್ನು ಸೂಚಿಸುತ್ತದೆ ಅನ್ನಬಹುದಾ?”

“ಎಂತ ಸೂಚಿಸುವುದು ಮಾರಾಯ್ರೆ? ಎಣ್ಣೆಯಲ್ಲಿ ಸುರುಳಿ ಬಿಚ್ಚಿದ್ರೆ ಹಿಟ್ಟು ಸಮ ಆಗಲಿಲ್ಲ ಅಂತ ಸೂಚಿಸ್ತದೆ. ನೀವು ಕೈ ತೊಳೆದಿದ್ದೀರಾ? ಹಾಗಾದ್ರೆ ಕೂತ್ಕೊಳ್ಳಿ, ನಾಲ್ಕು ಒತ್ತಿ.”

ಕ್ಷೇತ್ರಕಾರ್ಯದ ಪರಿಭಾಷೆಯಲ್ಲಿ ಇದನ್ನು ಸಹಭಾಗಿ ಅವಲೋಕನ ಎಂದು ಕರೆಯಲಾಗುತ್ತದೆ.

ಲಿಪಿವಾದ ಬಿದ್ದುಹೋದ ಮೇಲೆ ಚಿತ್ರಕಲೆಯ ಮೊರೆಹೋದೆ. ಹಂಪನಕಟ್ಟೆಯಿಂದ ದೀಪಸ್ತಂಭದ ಗುಡ್ಡ ಹತ್ತಿದರೆ ಸೈಂಟ್ ಅಲೋಶಿಯಸ್ ಚಾಪೆಲು. 1899ರಲ್ಲಿ ಇಟಲಿಯಿಂದ ಬಂದ ಅಂತೊನಿಯೊ ಮೊಸ್ಕೆನಿ 1901ರ ಹೊತ್ತಿಗೆ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿಬಿಟ್ಟರು. ಕುತ್ತಿಗೆ ಹಿಡಿದುಕೊಳ್ಳುವವರೆಗೆ ನೋಡಿದರೂ ಸಂತರ ಕೈಯಲ್ಲಿ ಒಂದು ನೆವ್ರಿ ಕಾಣಿಸಲಿಲ್ಲ. ಎರಡು ಕ್ರಿಸ್ಮಸ್ ಈ ಊರಲ್ಲಿ ಕಳೆದ ಕಲಾವಿದನಿಗೆ ಯಾರೂ ತಟ್ಟೆ ಕಳಿಸಲಿಲ್ಲವೇ, ಅಥವಾ ಬಂದದ್ದನ್ನು ಮಾದರಿಯಾಗಿ ಕೂರಿಸುವ ಮೊದಲೇ ಮುಗಿಸಿದರೇ ಎಂಬುದು ಕಲಾ ಇತಿಹಾಸಕಾರರಿಗೆ ಬಿಟ್ಟದ್ದು.

ಇಲ್ಲಿ, ಕುಸ್ವಾರ್ ಮಿಶನರಿಗಳ ಕೊಡುಗೆ ಎಂಬ ಪೂರ್ವಪಕ್ಷವೊಂದನ್ನು ಎದುರಿಸಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ 1843ರಲ್ಲಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕೊಟ್ಟಿತು, 1894ರಲ್ಲಿ ಕಿಟೆಲರ ನಿಘಂಟು ಕೊಟ್ಟಿತು. ಇಷ್ಟನ್ನೆಲ್ಲ ಕೊಟ್ಟವರು ಬಿಸ್ಕತ್ತು ಕೊಡದೆ ಇದ್ದಾರೆಯೇ? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕಂತೂ ಜೇನು, ಬಾದಾಮಿ, ಕಿತ್ತಳೆಸಿಪ್ಪೆ ಹಾಕಿದ ಲೆಕರ್ಲಿ ಎಂಬ ಬಿಸ್ಕತ್ತಿನ ಕೀರ್ತಿಯೇ ಇದೆ. ವಾದ ಆಕರ್ಷಕವಾಗಿದೆ, ಆದರೆ ನಿಲ್ಲುವುದಿಲ್ಲ. ಮಿಶನ್ನಿನವರು ಪ್ರಾಟೆಸ್ಟಂಟರು, ಕುಸ್ವಾರ್ ಕ್ಯಾಥೊಲಿಕ್ ಅಡುಗೆಮನೆಯದು. ಆ ಕ್ಯಾಥೊಲಿಕರಾದರೋ ಗೋವೆಯಿಂದ ಬಂದು ನೆಲೆಸಿದವರು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಒಲೆ ಹಚ್ಚಿದವರು. ಬಾಸೆಲಿನವರ ಹಡಗು ಬರುವಾಗ ಇಲ್ಲಿ ಎಣ್ಣೆ ಕಾದೇ ಇತ್ತು. ಅಲ್ಲದೆ ನೆವ್ರಿಯ ಹೊಟ್ಟೆ ಸೀಳಿ ನೋಡಿದರೆ ಸಿಗುವುದು ತೆಂಗಿನಕಾಯಿ, ಎಳ್ಳು, ಏಲಕ್ಕಿ, ಒಣದ್ರಾಕ್ಷಿ, ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರುಬೀಜ. ಸ್ವಿಟ್ಜರ್ಲೆಂಡಿನಲ್ಲಿ ಇವುಗಳಲ್ಲಿ ಯಾವುದೂ ಬೆಳೆಯುವುದಿಲ್ಲ, ದ್ರಾಕ್ಷಿಯೊಂದನ್ನು ಬಿಟ್ಟು. ಒಂದು ದ್ರಾಕ್ಷಿಯ ಆಧಾರದ ಮೇಲೆ ವಸಾಹತುಶಾಹಿ ಪ್ರಭಾವವನ್ನು ಸ್ಥಾಪಿಸಲಾಗದು. ಹಾಗೆ ಸ್ಥಾಪಿಸಿ ಪದವಿ ಪಡೆದವರಿಲ್ಲ ಎಂದು ನಾನು ಹೇಳುತ್ತಿಲ್ಲ.

ಕೊಕ್ಕಿಸಾಂ ವಿಷಯದಲ್ಲಿ ವಿಶ್ವಾತ್ಮಕತೆ ತಾನಾಗಿ ಒದಗುತ್ತದೆ. ಉದ್ದ ಹಿಡಿಯ ಕಬ್ಬಿಣದ ಹೂವಿನ ಅಚ್ಚು, ಇಂಗ್ಲಿಷಿನಲ್ಲಿ ರೋಸ್ ಕುಕ್ಕಿ. ಇದೇ ಕೇರಳದಲ್ಲಿ ಅಚ್ಚಪ್ಪಂ, ತಮಿಳರಲ್ಲಿ ಅಚ್ಚುಮುರುಕ್ಕು, ನಾರ್ವೆಯಲ್ಲಿ ರೊಸೆಟ್, ಸ್ವೀಡನ್ನಿನಲ್ಲಿ ಸ್ಟ್ರೂವೊರ್. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಅಂಚು ದಾಟಿ ಮುಳುಗಿಸಿದರೆ ಹೂವು ಅಚ್ಚನ್ನು ಬಿಡುವುದಿಲ್ಲ. ಇದರಲ್ಲಿ ‘ಲೋಕದಲ್ಲಿ ಅದ್ದಿಯೂ ಮುಳುಗದಿರುವ’ ಅನುಭಾವವನ್ನು ಕಂಡು ಹನ್ನೊಂದು ಪುಟ ಬರೆದಿದ್ದೆ. ಬಾಯಮ್ಮ ಆ ಪುಟಗಳನ್ನು ಕೊಕ್ಕಿಸಾಂ ಹರಡಲು ಬಳಸಿದರು. ಎಣ್ಣೆ ಹೀರುವುದರಲ್ಲಿ ದಿನಪತ್ರಿಕೆಗಿಂತ ಪ್ರಬಂಧದ ಕಾಗದ ಉತ್ತಮವೆಂದು ಸಿದ್ಧವಾಯಿತು. ಪ್ರಸ್ತುತ ಅಧ್ಯಯನದ ಪ್ರಾಯೋಗಿಕ ಕೊಡುಗೆ ಇದೊಂದೇ.

ಈಗ ಸಿದ್ಧಾಂತ. ಅರ್ಥವನ್ನು ತಿಂಡಿಯ ಆಕಾರದಲ್ಲಿ ಹುಡುಕುವುದು ಅಪಕ್ವ ವಿದ್ವತ್ತು, ಅರ್ಥವಿರುವುದು ತಟ್ಟೆಯಲ್ಲಿ. ತಟ್ಟೆಗೆ ವ್ಯಾಕರಣವಿದೆ. ತುಕ್ಡಿ ಅವ್ಯಯ, ಜಾಗ ತುಂಬಲು ಎಲ್ಲಿ ಬೇಕಾದರೂ ಬರುತ್ತದೆ. ಚಕ್ಕುಲಿ ವಿಭಕ್ತಿ, ಸಿಹಿಯನ್ನು ಸಿಹಿಗೆ ಜೋಡಿಸುತ್ತದೆ. ಮೊಟ್ಟೆಯ ಬಿಳಿ, ಗೇರುಬೀಜ, ತಾಳ್ಮೆ ಮೂರನ್ನೂ ಬೇಡುವ ಮ್ಯಾಕರೂನ್ ಮಾತ್ರ ಕ್ರಿಯಾಪದ, ಅದೇ ವಾಕ್ಯದ ತಾತ್ಪರ್ಯವನ್ನು ನಿರ್ಣಯಿಸುತ್ತದೆ. ತಟ್ಟೆಯಲ್ಲಿ ನಾಲ್ಕು ಮ್ಯಾಕರೂನ್ ಇದ್ದರೆ ‘ನೀವು ನಮ್ಮವರು’. ಎರಡಿದ್ದರೆ ‘ನೀವು ಒಳ್ಳೆಯವರು’. ಇಲ್ಲವೇ ಇಲ್ಲವಾದರೆ ಕಳೆದ ವರ್ಷದ ನಿಮ್ಮ ನಡವಳಿಕೆಯನ್ನು ನೆನಪಿಸಿಕೊಳ್ಳಿ, ವಿಶೇಷವಾಗಿ ಕಾರು ನಿಲ್ಲಿಸಿದ ಜಾಗವನ್ನು.

ವೇದಿಕೆಯ ಭಾಷಣಕಾರರು ಈ ತಟ್ಟೆಗಳನ್ನು ಸೌಹಾರ್ದದ ಸಂಕೇತ ಎನ್ನುತ್ತಾರೆ. ಅಲ್ಲಗಳೆಯುವುದಿಲ್ಲ, ಆದರೆ ತಟ್ಟೆಯನ್ನು ಓಡಿಸುವ ಇಂಧನ ಪೈಪೋಟಿ. ದೀಪಾವಳಿಗೆ ಪಕ್ಕದ ಮನೆಯಿಂದ ಬಂದ ಕರ್ಜಿಕಾಯಿ ಗರಿಗರಿಯಾಗಿತ್ತು. ಕರ್ಜಿಕಾಯಿಗೂ ನೆವ್ರಿಗೂ ಅಂಥ ವ್ಯತ್ಯಾಸವಿಲ್ಲ, ಇಬ್ಬರಿಗೂ ಅದು ಗೊತ್ತು. ಆದಕಾರಣ ಡಿಸೆಂಬರಿನಲ್ಲಿ ಹಿಂದಿರುಗುವ ನೆವ್ರಿ ಅದಕ್ಕಿಂತ ಒಂದು ಕೈ ಮಿಗಿಲಾಗಬೇಕು. ರಂಜಾನಿಗೆ ಬಂದ ಬಿರಿಯಾನಿಯ ಲೆಕ್ಕ ಬೇರೆ. ಅದನ್ನು ತೀರಿಸಲು ಕೇಕೇ ಆಗಬೇಕು, ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸದೆ ಪ್ರತ್ಯೇಕ ಮಾಡಿದ ಕೇಕು.

ಒಂದು ಜಟಿಲ ಪ್ರಶ್ನೆ ಉಳಿಯಿತು. ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಸರ್ವಸಮ್ಮತ ನಿಯಮ. ಈಚೆಗೆ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣಗಳು ಸಿಗುತ್ತವೆ, ಎಲ್ಲ ಬಗೆಯೂ ಒಂದೇ ಪ್ಲಾಸ್ಟಿಕ್ಕಿನೊಳಗೆ. ಹಾಗಿರುವಾಗ ಸಂಶೋಧಕನೊಬ್ಬ ತನಗೆ ಬಂದ ತಟ್ಟೆಯನ್ನು ಮಾರ್ಕೆಟ್ ರಸ್ತೆಯಲ್ಲಿ ಕೊಂಡ ಬಾಳೆಕಾಯಿ ಚಿಪ್ಸ್ ತುಂಬಿಸಿ ಹಿಂದಿರುಗಿಸಿದರೆ ಶಾಸ್ತ್ರಸಮ್ಮತವೇ? ಇದು ಕೇವಲ ಸೈದ್ಧಾಂತಿಕ ಪ್ರಶ್ನೆ ಎಂದು ಒತ್ತಿ ಹೇಳಿಯೇ ಕೇಳಿದೆ.

“ಅಂಗಡಿಯದ್ದಾದ್ರೆ ನೀವೇ ತಿನ್ನಿ,” ಎಂದರು ಬಾಯಮ್ಮ. “ತಟ್ಟೆ ತೊಳೆದು ಕೊಡಿ. ಮತ್ತೆ ಆ ಕಾಗದ ಇನ್ನೂ ಸ್ವಲ್ಪ ಉಂಟಾ? ನಾಳೆ ಗುಳಿಯೊ ಮಾಡ್ಲಿಕ್ಕುಂಟು.”